ಈವ್ಲೀ: ಸಿಡ್ನಿಯ ಹಳೆಯ ರೈಲ್ವೆ ಕಾರ್ಯಾಗಾರದ ಕಥೆ

ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿ ರೆಡ್‌ಫರ್ನ್ ರೈಲು ನಿಲ್ದಾಣದ ಪಕ್ಕಕ್ಕೆ, ಹಳಿಗಳ ಎರಡೂ ಬದಿಯಲ್ಲಿ, ಇಟ್ಟಿಗೆಯ ಉದ್ದುದ್ದ ಕಟ್ಟಡಗಳು ನಿಂತಿವೆ. ಕಮಾನಿನ ದೊಡ್ಡ ಕಿಟಕಿಗಳು, ಒಂದರ ಪಕ್ಕಕ್ಕೊಂದು ಜೋಡಿಸಿದ ಇಳಿಜಾರು ಮಾಡುಗಳು, ಬಾಗಿಲ ಬಳಿ ಕಟ್ಟಡದೊಳಗೇ ಹೊಕ್ಕು ನಿಂತುಬಿಟ್ಟ ಹಳಿಯ ತುಂಡುಗಳು. ಇದು ಈವ್ಲೀ ರೈಲ್ವೆ ಕಾರ್ಯಾಗಾರ. 1887ರಿಂದ 1989ರವರೆಗೆ ನ್ಯೂ ಸೌತ್ ವೇಲ್ಸ್ ರಾಜ್ಯದ ರೈಲು ಇಂಜಿನ್ನುಗಳೂ ಬೋಗಿಗಳೂ ದುರಸ್ತಿಗೆ ಬರುತ್ತಿದ್ದ ಮುಖ್ಯ ಜಾಗ. ಪ್ಯಾರಾಮಟ್ಟಾ, ವೆಸ್ಟ್‌ಮೀಡ್, ಬ್ಲ್ಯಾಕ್‌ಟೌನ್ ಕಡೆ ಮನೆ ಮಾಡಿಕೊಂಡಿರುವ ಕನ್ನಡಿಗರು ಕೆಲಸಕ್ಕೆಂದು ನಗರಕ್ಕೆ ಬರುವಾಗ ಅವರ ರೈಲು ಈ ಕಟ್ಟಡಗಳ ನಡುವೆಯೇ ಹಾದು ಬರುತ್ತದೆ. ಈಗ ಒಂದು ಬದಿಯಲ್ಲಿ ನಾಟಕ, ನೃತ್ಯ, ಕಲಾ ಪ್ರದರ್ಶನಗಳು ನಡೆಯುತ್ತವೆ; ಇನ್ನೊಂದು ಬದಿಯಲ್ಲಿ ಬ್ಯಾಂಕಿನವರೂ ಕಂಪ್ಯೂಟರಿನವರೂ ಕೂತಿದ್ದಾರೆ.

ಹಳೆಯ ಕಟ್ಟಡ ಉಳಿಯಿತಲ್ಲ ಎಂಬುದು ಸಂತೋಷದ ವಿಷಯವೇ. ಆದರೆ ಈವ್ಲೀಯ ಮಹತ್ವ ಅದರ ಗೋಡೆಯಲ್ಲಿರುವುದಕ್ಕಿಂತ ಅಲ್ಲಿ ನಡೆದ ಕೆಲಸದಲ್ಲಿದೆ, ಆ ಕೆಲಸವನ್ನು ಯಾರು ಅಳೆಯಬೇಕು ಎಂಬ ಬಗ್ಗೆ ಅಲ್ಲಿ ಎದ್ದ ಜಗಳದಲ್ಲಿದೆ.

ಹೊಸ ಜಾಗ ಏಕೆ ಬೇಕಾಯಿತು

ಸಿಡ್ನಿಯಿಂದ ಪ್ಯಾರಾಮಟ್ಟಾಕ್ಕೆ ಮೊದಲ ರೈಲು ಓಡಿದ್ದು 1855ರ ಸೆಪ್ಟೆಂಬರ್ 26ರಂದು. ಆಗ ಇಂಜಿನ್ನುಗಳು ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುತ್ತಿದ್ದವು. ರಿಪೇರಿಗೆ ನಿಲ್ದಾಣದ ಅಂಗಳದಲ್ಲೇ ಒಂದಷ್ಟು ಶೆಡ್ಡುಗಳಿದ್ದವು. ನಾಲ್ಕಾರು ಇಂಜಿನ್ನುಗಳ ಕಾಲಕ್ಕೆ ಅಷ್ಟು ಸಾಕಾಗಿತ್ತು. ಆದರೆ ಹಳಿ ಬೆಳೆಯುತ್ತ ಹೋಯಿತು. ಬ್ಲೂ ಮೌಂಟನ್ಸ್ ಬೆಟ್ಟ ಹತ್ತಿ ಆಚೆಯ ಬಯಲಿಗೆ ಇಳಿಯಿತು. 1881ರಲ್ಲಿ ವಿಕ್ಟೋರಿಯಾ ಗಡಿಯ ಆಲ್ಬರಿ ಮುಟ್ಟಿತು. 1885ರಲ್ಲಿ ಒಳನಾಡಿನ ಬರ್ಕ್ ತಲುಪಿತು. ಕುರಿಯ ಉಣ್ಣೆ, ಗೋಧಿ, ಕಲ್ಲಿದ್ದಲು ಎಲ್ಲವೂ ರೈಲಿನಲ್ಲೇ ಬಂದರಿಗೆ ಬರತೊಡಗಿದವು. ನೂರಾರು ಮೈಲಿ ಓಡಿ ಸುಸ್ತಾಗಿ ಬಂದ ಇಂಜಿನ್ನನ್ನು ಬಿಚ್ಚಿ ಜೋಡಿಸಲು ಹಳೆಯ ಅಂಗಳದಲ್ಲಿ ಜಾಗವೇ ಉಳಿಯಲಿಲ್ಲ.

ಸರ್ಕಾರ ಚಿಜಮ್ ಮನೆತನಕ್ಕೆ ಸೇರಿದ್ದ ಅರವತ್ತಕ್ಕೂ ಹೆಚ್ಚು ಎಕರೆಯನ್ನು ರೆಡ್‌ಫರ್ನ್ ಪಕ್ಕದಲ್ಲಿ ವಶಕ್ಕೆ ತೆಗೆದುಕೊಂಡು, 1880ರಲ್ಲಿ ಖರೀದಿಯನ್ನು ಪೂರೈಸಿತು. ಚಿಜಮ್ ಮನೆತನಕ್ಕಿಂತ ಎಷ್ಟೋ ಮುಂಚಿನಿಂದ ಅದು ಈಯೋರಾ ಸಮುದಾಯದ ಗಾಡಿಗಲ್ ಜನರ ನೆಲ. ಖರೀದಿ ಪತ್ರದಲ್ಲಿ ಅವರ ಮಾತು ಬರುವುದಿಲ್ಲ. 1882ರ ಸುಮಾರಿಗೆ ಕಟ್ಟುವ ಕೆಲಸ ಶುರುವಾಗಿ 1887ರಲ್ಲಿ ಕಾರ್ಯಾಗಾರ ತೆರೆಯಿತು. ಆಗ ನ್ಯೂ ಸೌತ್ ವೇಲ್ಸ್ ರೈಲ್ವೆಯ ಮುಖ್ಯ ಇಂಜಿನಿಯರ್ ಆಗಿದ್ದವರು ಜಾನ್ ವಿಟ್ಟನ್. ಕಟ್ಟಡಗಳ ವಿನ್ಯಾಸದ ಹೊಣೆ ಹೊತ್ತವರು ಜಾರ್ಜ್ ಕೌಡರಿ. ನಮ್ಮ ಹುಬ್ಬಳ್ಳಿಯಲ್ಲಿ ಸದರ್ನ್ ಮರಾಠಾ ರೈಲ್ವೆಯ ವರ್ಕ್‌ಶಾಪ್ ಎದ್ದದ್ದೂ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ. ಆ ಕಾಲದ ಬ್ರಿಟಿಷ್ ರೈಲ್ವೆ ಇಂಜಿನಿಯರುಗಳಿಗೆ ಒಂದು ಸಿದ್ಧ ಅಚ್ಚೇ ಇತ್ತು ಎನ್ನಬೇಕು: ಮುಖ್ಯ ಹಳಿಯ ಪಕ್ಕಕ್ಕೆ ವಿಶಾಲವಾದ ಜಾಗ, ಇಟ್ಟಿಗೆ ಗೋಡೆ, ಎರಕದ ಕಬ್ಬಿಣದ ಕಂಬಗಳ ಮೇಲೆ ಸಾಲು ಮಾಡುಗಳು, ಸುತ್ತ ಕೆಲಸಗಾರರ ಪುಟ್ಟ ಮನೆಗಳು.

ಹಳಿಯ ಆಚೆ, ಹಳಿಯ ಈಚೆ

ಮುಖ್ಯ ಹಳಿ ಈವ್ಲೀಯನ್ನು ಎರಡು ಭಾಗ ಮಾಡುತ್ತದೆ. ದಕ್ಷಿಣಕ್ಕೆ ಇಂಜಿನ್ನಿನ ಕೆಲಸ, ಉತ್ತರಕ್ಕೆ ಬೋಗಿಗಳ ಕೆಲಸ. ಹೆಸರು ಒಂದೇ ಆದರೂ ಎರಡೂ ಕಡೆಯ ಕಸುಬು ಬೇರೆ, ವಾಸನೆಯೇ ಬೇರೆ. ಉತ್ತರದಲ್ಲಿ ಬಡಗಿಗಳು, ಬಣ್ಣದವರು, ಸೀಟಿನ ಗಾದಿ ಹೊಲಿಯುವವರು, ಗಾಜು ಕೂರಿಸುವವರು ಇದ್ದರು. ಆಗಿನ ಬೋಗಿ ಎಂದರೆ ಬಹುಪಾಲು ಮರದ್ದು. ಒಂದರ ಮೇಲೊಂದು ಪದರವಾಗಿ ಬಣ್ಣ ಬಳಿದು, ಒಣಗಿಸಿ, ಉಜ್ಜಿ, ಮತ್ತೆ ವಾರ್ನಿಷ್ ಹಚ್ಚಬೇಕಾಗಿತ್ತು. ಅದಕ್ಕೆಂದೇ ಪ್ರತ್ಯೇಕ ಪೇಂಟ್ ಶಾಪ್ ಇತ್ತು. ಗವರ್ನರರು ಪ್ರಯಾಣ ಮಾಡುವ ವಿಶೇಷ ಬೋಗಿಯಿಂದ ಹಿಡಿದು ದಿನಗೂಲಿಯವರು ಓಡಾಡುವ ಉಪನಗರ ರೈಲಿನ ಬೋಗಿಯವರೆಗೆ ಎಲ್ಲಕ್ಕೂ ಇಲ್ಲೇ ಮೈ ತೊಳೆಯುವ, ಮೂಳೆ ಸರಿಮಾಡುವ ಕೆಲಸ.

ದಕ್ಷಿಣದ ಇಂಜಿನ್ ಕಾರ್ಯಾಗಾರ ಬೆಂಕಿ, ಎಣ್ಣೆ, ಸದ್ದಿನ ಲೋಕ. ಕಮ್ಮಾರಸಾಲೆ, ಎರಕದ ಮನೆ, ಬಾಯ್ಲರ್ ಶಾಪ್, ಚಕ್ರದ ವಿಭಾಗ, ಸ್ಪ್ರಿಂಗ್ ವಿಭಾಗ, ಕೊನೆಗೆ ಎಲ್ಲವನ್ನೂ ಕೂಡಿಸುವ ಎರೆಕ್ಟಿಂಗ್ ಶಾಪ್. ಒಂದೊಂದು ಕಸುಬಿಗೂ ಒಂದೊಂದು ಅಂಕಣ. 1899ರಲ್ಲಿ ಇನ್ನೂ ದೊಡ್ಡ ಎರೆಕ್ಟಿಂಗ್ ಶಾಪ್ ಒಂದನ್ನು ಬೇರೆಯಾಗಿಯೇ ಕಟ್ಟಿದರು. ಇವುಗಳ ಆಚೆ ರನ್ನಿಂಗ್ ಶೆಡ್ ಇತ್ತು. ಇದು ರಿಪೇರಿಯ ಜಾಗವಲ್ಲ. ಪ್ರತಿದಿನ ಓಡುವ ಇಂಜಿನ್ನುಗಳು ರಾತ್ರಿ ಬಂದು ತಂಗುವ, ಬೂದಿ ಕೆಡವುವ, ಕಲ್ಲಿದ್ದಲು, ನೀರು, ಮರಳು ತುಂಬಿಸಿಕೊಳ್ಳುವ ಜಾಗ. ತಣ್ಣಗಾದ ಉಗಿ ಇಂಜಿನ್ನಿಗೆ ಬೆಂಕಿ ಹಾಕಿದರೆ ಅದು ಎಳೆಯುವಷ್ಟು ಉಗಿ ಕಟ್ಟಲು ಗಂಟೆಗಟ್ಟಲೆ ಬೇಕು. ಹಾಗಾಗಿ ಬೆಳಗಿನ ಮೊದಲ ರೈಲಿಗಾಗಿ ನಡುರಾತ್ರಿಯಲ್ಲೇ ಜನ ಎದ್ದು ಶೆಡ್ಡಿಗೆ ಬರುತ್ತಿದ್ದರು.

ಒಂದು ಇಂಜಿನ್ ಒಳಗೆ ಬಂದರೆ

ಉಗಿ ಇಂಜಿನ್ ಎಂಬುದು ತನ್ನನ್ನು ತಾನೇ ತಿನ್ನುವ ಯಂತ್ರ. ಒಳಗೆ ಬೆಂಕಿ, ಅದರ ಸುತ್ತ ನೀರು, ಕೆಳಗೆ ಕಬ್ಬಿಣದ ಮೇಲೆ ಕಬ್ಬಿಣದ ಉಜ್ಜಾಟ. ನೀರಿನಲ್ಲಿರುವ ಸುಣ್ಣ ಬಾಯ್ಲರಿನ ಒಳಗೋಡೆಗೆ ಪದರವಾಗಿ ಕಟ್ಟುತ್ತದೆ. ಬಿಸಿಹೊಗೆ ಹಾಯುವ ಕೊಳವೆಗಳು ಸವೆದು ತೂತಾಗುತ್ತವೆ. ಚಕ್ರದ ಅಂಚು ತಿರುವುಗಳಲ್ಲಿ ಉಜ್ಜಿ ಉಜ್ಜಿ ಆಕಾರ ಕಳೆದುಕೊಳ್ಳುತ್ತದೆ. ಇಷ್ಟು ಮೈಲಿ ಓಡಿದ ಮೇಲೆ ಬಿಚ್ಚಲೇಬೇಕು ಎಂಬ ಲೆಕ್ಕವಿರುತ್ತದೆ. ಬಿಚ್ಚದೆ ಓಡಿಸಿದರೆ ಬಾಯ್ಲರ್ ಸಿಡಿದು ಜೀವ ಹೋಗಬಹುದು. ಉಗಿಯ ಕಾಲದಲ್ಲಿ ರೈಲ್ವೆ ಎಂದರೆ ಅರ್ಧ ಓಡಾಟ, ಅರ್ಧ ಕಾರ್ಯಾಗಾರ ಎಂಬಂತಿದ್ದದ್ದು ಇದಕ್ಕೇ.

ಒಳಗೆ ಬಂದ ಇಂಜಿನ್ನನ್ನು ಮೊದಲು ಕ್ರೇನಿಗೆ ತಗುಲಿಸಿ ಎತ್ತಿ ಚಕ್ರಗಳಿಂದ ಬೇರ್ಪಡಿಸುತ್ತಿದ್ದರು. ಮೇಲಿನ ಬಾಯ್ಲರ್ ಒಂದು ಕಡೆಗೆ, ಕೆಳಗಿನ ಚೌಕಟ್ಟು ಇನ್ನೊಂದು ಕಡೆಗೆ. ಬಾಯ್ಲರಿನವರು ಒಳಗೆ ತೂರಿಕೊಂಡು ಹಳೆಯ ಕೊಳವೆಗಳನ್ನು ಕಿತ್ತು ಹೊಸದು ಕೂರಿಸುತ್ತಿದ್ದರು. ರಿವೆಟ್ಟು ಬಡಿಯುವಾಗ ಒಬ್ಬ ಹೊರಗೆ, ಒಬ್ಬ ಒಳಗೆ. ಆ ಉಕ್ಕಿನ ಪೀಪಾಯಿಯೊಳಗೆ ಕೂತವನ ಕಿವಿಯ ಗತಿ ಏನಾಗಿರಬೇಡ! ಬಾಯ್ಲರ್ ಕೆಲಸಗಾರರ ಕಿವುಡುತನಕ್ಕೆ ವೈದ್ಯರು ಆ ಕಸುಬಿನ ಹೆಸರನ್ನೇ ಇಟ್ಟಿದ್ದರು. ಅತ್ತ ಫಿಟ್ಟರುಗಳು ಪಿಸ್ಟನ್, ಕವಾಟ, ಬೇರಿಂಗುಗಳನ್ನು ಬಿಚ್ಚಿ ಕೂದಲೆಳೆಯಷ್ಟು ವ್ಯತ್ಯಾಸವೂ ಉಳಿಯದಂತೆ ಕೆರೆದು ಹೊಂದಿಸುತ್ತಿದ್ದರು. ನಕ್ಷೆಯಲ್ಲಿ ಇಂಚಿನ ಲೆಕ್ಕ ಇದ್ದರೂ ಕೊನೆಯ ಹೊಂದಾಣಿಕೆ ಕೈಬೆರಳಿನ ತುದಿಯದು.

ಚಕ್ರದ ಕೆಲಸವನ್ನು ಸ್ವಲ್ಪ ನಿಂತು ನೋಡಬೇಕು. ಇಂಜಿನ್ನಿನ ಚಕ್ರ ಒಂದೇ ಎರಕದ್ದಲ್ಲ. ನಡುವಿನ ಗಾಲಿ ಬೇರೆ, ಹಳಿಯ ಮೇಲೆ ಉರುಳುವ ಹೊರಗಿನ ಉಕ್ಕಿನ ಬಳೆ ಬೇರೆ. ಈ ಬಳೆಗೆ ಟಯರ್ ಎಂದೇ ಹೆಸರು. ಬಳೆಯ ಒಳ ಅಳತೆಯನ್ನು ಗಾಲಿಗಿಂತ ತುಸು ಚಿಕ್ಕದಾಗಿ ಲೇತಿನಲ್ಲಿ ಕಡೆಯುತ್ತಾರೆ. ಆಮೇಲೆ ಅದನ್ನು ಸುತ್ತಲೂ ಬೆಂಕಿ ಹಚ್ಚಿ ಕಾಯಿಸಿದಾಗ ಉಕ್ಕು ಹಿಗ್ಗುತ್ತದೆ. ಹಿಗ್ಗಿದ ಕ್ಷಣಕ್ಕೆ ಗಾಲಿಯನ್ನು ಅದರೊಳಗೆ ಇಳಿಸಿ ಕೂರಿಸಿಬಿಡಬೇಕು. ಆರುತ್ತಿದ್ದಂತೆ ಬಳೆ ಕುಗ್ಗಿ ಗಾಲಿಯನ್ನು ಕಚ್ಚಿ ಹಿಡಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಕಮ್ಮಾರರು ಬೆರಣಿಯ ಬೆಂಕಿಯಲ್ಲಿ ಕಬ್ಬಿಣದ ಪಟ್ಟಿ ಕಾಯಿಸಿ ಎತ್ತಿನ ಗಾಡಿಯ ಚಕ್ರಕ್ಕೆ ತೊಡಿಸುತ್ತಿದ್ದುದೂ ಇದೇ ವಿದ್ಯೆ. ವ್ಯತ್ಯಾಸ ಇಷ್ಟೇ: ಈವ್ಲೀಯಲ್ಲಿ ಆ ಬಳೆಯ ಮೇಲೆ ನೂರಾರು ಪ್ರಯಾಣಿಕರ ಜೀವ ವೇಗವಾಗಿ ಉರುಳುತ್ತಿತ್ತು. ಬಳೆ ಗಟ್ಟಿಯಾಗಿ ಕೂತಿದೆಯೇ ಎಂದು ತಿಳಿಯಲು ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಿದ್ದರು. ಸರಿಯಾದ ಚಕ್ರ ಗಂಟೆಯಂತೆ ಮೊಳಗುತ್ತದೆ. ಸಡಿಲ ಇದ್ದರೆ, ಬಿರುಕು ಬಿಟ್ಟಿದ್ದರೆ ಮಂಕಾದ ಸದ್ದು.

ಕಮ್ಮಾರಸಾಲೆಯ ದೊಡ್ಡ ಯಜಮಾನ ಎಂದರೆ 1,500 ಟನ್ ಒತ್ತಡದ ಡೇವಿ ಪ್ರೆಸ್. ಕೆಂಪಗೆ ಕಾದ ಉಕ್ಕಿನ ದಿಮ್ಮಿಯನ್ನು ಹಿಟ್ಟಿನ ಮುದ್ದೆಯಂತೆ ಅದುಮಿ ಆಕಾರಕ್ಕೆ ತರುವ ಯಂತ್ರ ಅದು. ಎರಡು ಮಾಳಿಗೆಯ ಮನೆಯಷ್ಟು ಎತ್ತರಕ್ಕೆ ನಿಂತಿರುವ ಅದು ಇಂದಿಗೂ ತನ್ನ ಹಳೆಯ ಜಾಗದಲ್ಲೇ ಇದೆ.

ರಿಪೇರಿಯಿಂದ ತಯಾರಿಕೆಗೆ

ಮೊದಲ ಇಪ್ಪತ್ತು ವರ್ಷ ಈವ್ಲೀ ಮುಖ್ಯವಾಗಿ ರಿಪೇರಿಯ ಜಾಗ. ಬಿಚ್ಚಿ ಜೋಡಿಸುವವರಿಗೆ ಹೊಸದು ಕಟ್ಟುವುದೂ ಬಂದೇ ಬರುತ್ತದಲ್ಲವೇ? ಹೊಸ ಇಂಜಿನ್ನುಗಳಿಗೆಂದೇ 1907ರ ಹೊತ್ತಿಗೆ ಒಂದು ಶಾಪ್ ಎದ್ದಿತು, 1908ರಲ್ಲಿ ಈವ್ಲೀಯ ಸ್ವಂತ ಇಂಜಿನ್ ಹೊರಬಂತು. ಪ್ರಯಾಣಿಕರ ರೈಲು ಎಳೆಯುವ 35ನೇ ವರ್ಗದ ಎಲ್ಲ 35 ಇಂಜಿನ್ನುಗಳೂ 1914ರಿಂದ 1923ರ ನಡುವೆ ಇಲ್ಲೇ ತಯಾರಾದವು. 1925ರಲ್ಲಿ ಬಂದ 36ನೇ ವರ್ಗದ ಮೊದಲ ಹತ್ತನ್ನು ಈವ್ಲೀ ಕಟ್ಟಿತು, ಉಳಿದ 65ನ್ನು ಕ್ಲೈಡ್ ಇಂಜಿನಿಯರಿಂಗ್ ಎಂಬ ಖಾಸಗಿ ಕಂಪನಿ.

ಎಲ್ಲಕ್ಕಿಂತ ಹೆಸರಾದದ್ದು 38ನೇ ವರ್ಗ. ಒಟ್ಟು 30 ಇಂಜಿನ್ನುಗಳು. ಗಾಳಿಯನ್ನು ಸೀಳುವ ಮೂತಿಯ ಮೊದಲ ಐದನ್ನು 1943ರಿಂದ 1945ರವರೆಗೆ ಕ್ಲೈಡ್‌ನವರು ಮಾಡಿದರು. ಮುಂದಿನ 25ನ್ನು ಈವ್ಲೀಯೂ ನ್ಯೂಕ್ಯಾಸಲ್ ಬಳಿಯ ಕಾರ್ಡಿಫ್ ಕಾರ್ಯಾಗಾರವೂ ಹಂಚಿಕೊಂಡವು: ಸಮಸಂಖ್ಯೆಯವು ಈವ್ಲೀಯವು, ಬೆಸಸಂಖ್ಯೆಯವು ಕಾರ್ಡಿಫ್‌ನವು. ಹಾಗೆ ಈವ್ಲೀಯ ಪಾಲಿಗೆ ಬಂದವು 13. ಇವುಗಳಲ್ಲಿ ಕೊನೆಯದಾದ 3830 ಇಂದಿಗೂ ಸಂರಕ್ಷಿತವಾಗಿದೆ.

ಎರಡನೇ ಮಹಾಯುದ್ಧದಲ್ಲಿ ಕಾರ್ಯಾಗಾರದ ಒಂದು ಭಾಗ ಯುದ್ಧ ಸಾಮಗ್ರಿಗೆ ತಿರುಗಿತು. ಗಂಡಾಳುಗಳದೇ ಎನಿಸಿದ್ದ ಯಂತ್ರಗಳ ಮುಂದೆ ಹೆಂಗಸರು ನಿಂತರು. ಯುದ್ಧ ಮುಗಿದ ಮೇಲೆ ಅವರನ್ನು ಮನೆಗೆ ಕಳಿಸಿದ್ದೂ ಅಷ್ಟೇ ಬೇಗ.

1917: ಒಂದು ಚೀಟಿಯ ಸುತ್ತ

ಈವ್ಲೀಯ ಇತಿಹಾಸದಲ್ಲಿ ಒಂದೇ ಒಂದು ಅಧ್ಯಾಯ ಓದಲು ಸಮಯವಿದೆ ಎನ್ನುವವರು ಇದನ್ನು ಓದಬೇಕು.

ಅಮೆರಿಕದ ಫ್ರೆಡರಿಕ್ ಟೇಲರ್ ಎಂಬ ಇಂಜಿನಿಯರ್ 1911ರಲ್ಲಿ ವೈಜ್ಞಾನಿಕ ಆಡಳಿತದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಪ್ರತಿ ಕೆಲಸವನ್ನೂ ತುಂಡು ಮಾಡಿ, ಪ್ರತಿ ತುಂಡಿಗೂ ಗಡಿಯಾರ ಹಿಡಿದು, ಎಷ್ಟು ಹೊತ್ತಿನಲ್ಲಿ ಮುಗಿಯಬೇಕೆಂದು ಆಡಳಿತವೇ ನಿಗದಿ ಮಾಡುವುದು ಅವನ ವಿಚಾರ. ಅದು ಲೋಕದ ಕಾರ್ಖಾನೆಗಳಿಗೆಲ್ಲ ಹಬ್ಬಿತು. ನ್ಯೂ ಸೌತ್ ವೇಲ್ಸ್‌ನ ರೈಲ್ವೆ ಮುಖ್ಯ ಕಮಿಷನರ್ ಜೇಮ್ಸ್ ಫ್ರೇಸರ್ 1917ರ ಜುಲೈನಲ್ಲಿ ಕಾರ್ಯಾಗಾರಗಳಿಗೆ ಹೊಸ ಕಾರ್ಡು ಪದ್ಧತಿಯನ್ನು ತಂದರು. ಪ್ರತಿ ಕೆಲಸಗಾರನಿಗೂ, ಪ್ರತಿ ಕೆಲಸಕ್ಕೂ ಒಂದು ಕಾರ್ಡು. ಯಾವಾಗ ಶುರುಮಾಡಿದ, ಯಾವಾಗ ಮುಗಿಸಿದ ಎಂದು ಅದರಲ್ಲಿ ಬರೆಯಬೇಕು. ಬರೆಯುವವನು ಕೆಲಸಗಾರನಲ್ಲ, ಅವನ ಮೇಲಿನ ಮೇಸ್ತ್ರಿ.

ಮೇಲ್ನೋಟಕ್ಕೆ ಇದು ಸಣ್ಣ ಸಂಗತಿ. ಸಂಬಳ ಕಡಿಮೆ ಮಾಡಿರಲಿಲ್ಲ, ಕೆಲಸದ ಗಂಟೆ ಹೆಚ್ಚಿಸಿರಲಿಲ್ಲ. ಆದರೆ ಕಾರ್ಡಿನಲ್ಲಿ ಏನು ಬರೆದಿದ್ದಾರೆಂದು ಕೆಲಸಗಾರನಿಗೆ ತಿಳಿಯುವಂತಿರಲಿಲ್ಲ, ತಪ್ಪಿದ್ದರೆ ತಿದ್ದಿಸುವ ದಾರಿಯೂ ಇರಲಿಲ್ಲ. ಸವೆದ ಬೇರಿಂಗನ್ನು ಕೆರೆದು ಹೊಂದಿಸಲು ಎಷ್ಟು ಹೊತ್ತು ಬೇಕು ಎಂದು ಹೇಳಬಲ್ಲವನು ಕೆರೆಯುವವನೇ. ಒಂದು ಇಂಜಿನ್ನಿಗೆ ಎರಡು ಗಂಟೆ, ಇನ್ನೊಂದಕ್ಕೆ ಅರ್ಧ ದಿನ ಹಿಡಿಯಬಹುದು. ಕಾರ್ಡು ಆ ವ್ಯತ್ಯಾಸವನ್ನು ಕಾಣುವುದಿಲ್ಲ. ಇಬ್ಬರು ಫಿಟ್ಟರುಗಳ ಕಾರ್ಡನ್ನು ಅಕ್ಕಪಕ್ಕ ಇಟ್ಟು, ವೇಗದವನ ಗತಿಗೆ ನಿಧಾನದವನನ್ನು ಓಡಿಸುತ್ತಾರೆ. ಓಡಲಾಗದ ವಯಸ್ಸಾದವನನ್ನು ಹೊರಹಾಕುತ್ತಾರೆ ಎಂಬ ಭಯ ಹಬ್ಬಿತು. ಆಗ ನಡೆಯುತ್ತಿದ್ದ ಮೊದಲ ಮಹಾಯುದ್ಧ ಮುಗಿಯುವವರೆಗೆ ಕೆಲಸದ ನಿಯಮಗಳನ್ನು ಬದಲಿಸುವುದಿಲ್ಲ ಎಂದು ಮಾತು ಕೊಟ್ಟಿದ್ದರು, ಅದನ್ನೂ ಮುರಿದರು ಎಂದು ಸಂಘಗಳು ಸಿಟ್ಟಾದವು. ಮೂರು ತಿಂಗಳು ಪ್ರಯೋಗ ಮಾಡಿ ನೋಡೋಣ, ಆಮೇಲೆ ವಿಚಾರಣೆ ಇರಲಿ ಎಂದು ಸರ್ಕಾರ ಹೇಳಿತು. ಮೊದಲು ಕಾರ್ಡು ತೆಗೆಯಿರಿ, ಆಮೇಲೆ ಮಾತು ಎಂದರು ಕೆಲಸಗಾರರು.

ಆಗಸ್ಟ್ 2ರಂದು ಈವ್ಲೀಯಲ್ಲೂ ರ‍್ಯಾಂಡ್‌ವಿಕ್‌ನ ಟ್ರಾಮ್ ಕಾರ್ಯಾಗಾರದಲ್ಲೂ ಕೆಲಸ ನಿಂತಿತು. ಮೊದಲ ದಿನವೇ 5,780 ಜನ ಹೊರನಡೆದರು. ಕೆಲವೇ ದಿನಗಳಲ್ಲಿ ಇಂಜಿನ್ ಚಾಲಕರು, ಬೆಂಕಿಯವರು, ಗಣಿ ಕಾರ್ಮಿಕರು, ಬಂದರಿನ ಹಮಾಲರು, ಹಡಗಿನವರು ಒಬ್ಬರ ಹಿಂದೊಬ್ಬರು ಸೇರಿಕೊಂಡರು. ಮುಷ್ಕರ ಮುರಿಯುವವರು ಮುಟ್ಟಿದ ಸರಕನ್ನು ನಾವು ಮುಟ್ಟೆವು ಎಂದು ಬೇರೆ ರಾಜ್ಯದವರೂ ಕೈ ಎತ್ತಿದರು. ಒಟ್ಟು ಭಾಗವಹಿಸಿದವರು ಒಂದು ಲಕ್ಷಕ್ಕೆ ಸಮೀಪ. ಸಿಡ್ನಿಯ ಬೀದಿಗಳಲ್ಲಿ ಸಾವಿರಾರು ಜನರ ಮೆರವಣಿಗೆಗಳು ಡೊಮೇನ್ ಮೈದಾನಕ್ಕೆ ಸಾಗುತ್ತಿದ್ದವು. ಹೆಂಗಸರದು ಅದರಲ್ಲಿ ದೊಡ್ಡ ಪಾಲು.

ರಾಜ್ಯದ ಪ್ರೀಮಿಯರ್, ಅಂದರೆ ಮುಖ್ಯಮಂತ್ರಿ, ಹೋಲ್ಮನ್ ಆಗ ವಿದೇಶದಲ್ಲಿದ್ದರು. ಹಂಗಾಮಿಯಾಗಿ ಅಧಿಕಾರದಲ್ಲಿದ್ದ ಜಾರ್ಜ್ ಫುಲ್ಲರ್ ಒಂದು ಹೆಜ್ಜೆಯನ್ನೂ ಹಿಂದಿಡಲಿಲ್ಲ. ಹಳ್ಳಿಗಾಡಿನಿಂದ ಸ್ವಯಂಸೇವಕರನ್ನು ಕರೆಸಿ ರೈಲು ಓಡಿಸಿದರು, ಬಂದರಿನಲ್ಲಿ ಸರಕು ಇಳಿಸಿದರು. ಹೀಗೆ ಬಂದವರು ತಂಗಿದ್ದು ಸಿಡ್ನಿ ಕ್ರಿಕೆಟ್ ಮೈದಾನದಲ್ಲಿ, ಟಾರೊಂಗ ಮೃಗಾಲಯದ ಆವರಣದಲ್ಲಿ. ಕ್ರಿಕೆಟ್ ಬಲ್ಲ ನಮ್ಮವರಿಗೆ ಆ ಮೈದಾನ ಚೆನ್ನಾಗಿ ಗೊತ್ತು. ಅಲ್ಲಿ ಒಂದು ಕಾಲಕ್ಕೆ ಮುಷ್ಕರ ಮುರಿಯುವವರ ಡೇರೆಗಳಿದ್ದವು ಎಂಬುದು ಅಷ್ಟಾಗಿ ಗೊತ್ತಿಲ್ಲ. ಆಗಸ್ಟ್ 30ರಂದು ಕ್ಯಾಂಪರ್‌ಡೌನ್‌ನಲ್ಲಿ ಮರ್ವಿನ್ ಫ್ಲಾನಗನ್ ಎಂಬ ಮುಷ್ಕರನಿರತ ಗಾಡಿ ಕೆಲಸಗಾರ ಗುಂಡೇಟಿಗೆ ಬಲಿಯಾದರು. ಗುಂಡು ಹಾರಿಸಿದವನಿಗೆ ಶಿಕ್ಷೆಯಾಗಲಿಲ್ಲ.

ಸೆಪ್ಟೆಂಬರ್ ಎರಡನೇ ವಾರಕ್ಕೆ ಸಂಘದ ಮುಂದಾಳುಗಳು ಸೋಲೊಪ್ಪಿದರು. ಕಾರ್ಡು ಉಳಿಯಿತು. ನಾಯಕರು ನಮ್ಮನ್ನು ಕೇಳದೆ ಕೈಬಿಟ್ಟರು ಎಂದು ಅನೇಕರು ಕೊನೆಯವರೆಗೂ ನಂಬಿದ್ದರು. ಮರಳಿ ಕೆಲಸಕ್ಕೆ ಸೇರಲು ಪ್ರತಿಯೊಬ್ಬರೂ ಅರ್ಜಿ ಹಾಕಬೇಕಾಯಿತು. ಕೆಲವರನ್ನು ಸೇರಿಸಿಕೊಳ್ಳಲೇ ಇಲ್ಲ. ಸೇರಿದವರ ಹಿಂದಿನ ಸೇವೆಯ ಲೆಕ್ಕ ಅಳಿಸಿಹೋಯಿತು. ಇಪ್ಪತ್ತು ವರ್ಷ ದುಡಿದ ಫಿಟ್ಟರ್, ಮುಷ್ಕರದ ಹೊತ್ತಿನಲ್ಲಿ ಬಂದು ಸೇರಿಕೊಂಡವನ ಕೆಳಗೆ ನಿಲ್ಲಬೇಕಾಯಿತು. ಈ ಕಹಿ ಈವ್ಲೀಯ ಊಟದ ಮನೆಯಲ್ಲಿ ವರ್ಷಗಟ್ಟಲೆ ಇತ್ತು: ಮುಷ್ಕರಕ್ಕೆ ನಿಂತವರು ಒಂದು ಬೆಂಚಿನಲ್ಲಿ, ನಿಲ್ಲದವರು ಇನ್ನೊಂದರಲ್ಲಿ. ಕಳೆದ ಸೀನಿಯಾರಿಟಿ ಮರಳಿ ಸಿಕ್ಕಿದ್ದು 1925ರಲ್ಲಿ ಜ್ಯಾಕ್ ಲ್ಯಾಂಗ್ ಅವರ ಲೇಬರ್ ಸರ್ಕಾರ ಬಂದ ಮೇಲೆ.

ಸೋತ ಮುಷ್ಕರ ಎಂದು ಇದನ್ನು ಬದಿಗೆ ಸರಿಸುವುದು ಸರಿಯಲ್ಲ. ಕೆಲಸಗಾರರು ಕೇಳಿದ ಪ್ರಶ್ನೆ ಹಳೆಯದಾಗಿಲ್ಲ. ಗೋದಾಮಿನಲ್ಲಿ ಪೊಟ್ಟಣ ಎತ್ತಿಡುವವನ ಕೈಯಲ್ಲಿ ಸೆಕೆಂಡು ಎಣಿಸುವ ಯಂತ್ರವಿದೆ, ಮನೆಬಾಗಿಲಿಗೆ ಊಟ ತರುವವನ ಫೋನಿನಲ್ಲಿ ನಿಮಿಷ ಎಣಿಸುವ ಆ್ಯಪ್ ಇದೆ. ಅಲ್ಲೂ ಬರೆಯುವವರು ಬೇರೆ, ಬರೆಸಿಕೊಳ್ಳುವವರು ಬೇರೆ. ಇತಿಹಾಸಕಾರ್ತಿ ಲೂಸಿ ಟಾಕ್ಸಾ ಈವ್ಲೀಯ ಬಗ್ಗೆ, ಈ ಕಾರ್ಡಿನ ಬಗ್ಗೆ ವರ್ಷಗಳ ಕಾಲ ಸಂಶೋಧನೆ ಮಾಡಿ ಬರೆದಿರುವುದಕ್ಕೆ ನಾವು ಋಣಿಗಳು.

ಹೊರಹಾಕಿಸಿಕೊಂಡವರು ಮುಂದೇನಾದರು

ಜೋಸೆಫ್ ಕ್ಯಾಹಿಲ್ ರೆಡ್‌ಫರ್ನಿನಲ್ಲೇ ಹುಟ್ಟಿದ ಹುಡುಗ. 1907ರಲ್ಲಿ ಈವ್ಲೀಗೆ ಫಿಟ್ಟರ್ ಕಲಿಯಲು ಸೇರಿದರು. ಮುಷ್ಕರದಲ್ಲಿ ಮುಂದೆ ನಿಂತದ್ದಕ್ಕೆ ಕೆಲಸ ಹೋಯಿತು. ಸೇವಾ ದಾಖಲೆಯಲ್ಲಿ ಚಳವಳಿಕೋರ ಎಂಬ ಷರಾ ಬಿತ್ತು. ಕೆಲವು ವರ್ಷ ಸಿಕ್ಕಿದ ಕೆಲಸ ಮಾಡಿಕೊಂಡಿದ್ದು 1925ರಲ್ಲಿ ಶಾಸಕರಾದರು, 1952ರಲ್ಲಿ ನ್ಯೂ ಸೌತ್ ವೇಲ್ಸ್‌ನ ಪ್ರೀಮಿಯರ್ ಆದರು. ಸಿಡ್ನಿಗೆ ಒಂದು ಒಪೆರಾ ಹೌಸ್ ಬೇಕು ಎಂದು ಪಟ್ಟು ಹಿಡಿದು, ಪಕ್ಷದೊಳಗೇ ಇದ್ದ ವಿರೋಧವನ್ನು ದಾಟಿ, 1959ರ ಮಾರ್ಚಿನಲ್ಲಿ ಕಟ್ಟಡದ ಕೆಲಸ ಶುರುಮಾಡಿಸಿದವರು ಇವರೇ. ಅದೇ ವರ್ಷದ ಅಕ್ಟೋಬರಿನಲ್ಲಿ ತೀರಿಕೊಂಡರು. ಸಿಡ್ನಿ ಎಂದರೆ ಎಲ್ಲರ ಕಣ್ಣಿಗೆ ಬರುವ ಆ ಬಿಳಿಯ ಚಿಪ್ಪಿನ ಕಟ್ಟಡದ ಹಿಂದೆ ಈವ್ಲೀಯ ಒಬ್ಬ ಫಿಟ್ಟರ್ ಇದ್ದಾರೆ.

ಬ್ಯಾಥರ್ಸ್ಟ್ ಊರಿನ ಇಂಜಿನ್ ಚಾಲಕ ಬೆನ್ ಚಿಫ್ಲೀ ಕೂಡ 1917ರಲ್ಲಿ ಕೆಲಸ ಕಳೆದುಕೊಂಡವರು. ಮರಳಿ ತೆಗೆದುಕೊಂಡಾಗ ಕೆಳದರ್ಜೆಗೆ ಇಳಿಸಿದ್ದರು. ಅವರು 1945ರಿಂದ 1949ರವರೆಗೆ ಆಸ್ಟ್ರೇಲಿಯಾದ ಪ್ರಧಾನಿಯಾಗಿದ್ದರು. ಮುಷ್ಕರದ ಆಚೆಗೂ ಇಂಥವರಿದ್ದರು. ರಾಜ್ಯದ ಮೊದಲ ಲೇಬರ್ ಪ್ರೀಮಿಯರ್ ಜೇಮ್ಸ್ ಮೆಕ್‌ಗವನ್ ರೈಲ್ವೆ ಕಾರ್ಯಾಗಾರದ ಬಾಯ್ಲರ್ ಕೆಲಸಗಾರರಾಗಿದ್ದವರು. ಸೈನ್ಯಕ್ಕೆ ಕಡ್ಡಾಯ ಸೇರ್ಪಡೆಯ ವಿಷಯದಲ್ಲಿ ಪಕ್ಷ ಒಡೆದಾಗ ಅವರನ್ನು 1917ರಲ್ಲಿ ರೆಡ್‌ಫರ್ನ್ ಕ್ಷೇತ್ರದಲ್ಲಿ ಸೋಲಿಸಿದ ವಿಲಿಯಂ ಮೆಕೆಲ್ ಕೂಡ ಬಾಯ್ಲರ್ ಕೆಲಸದವರೇ. ಮೆಕೆಲ್ ಮುಂದೆ ಪ್ರೀಮಿಯರ್ ಆದರು, ಆಮೇಲೆ ದೇಶದ ಗವರ್ನರ್ ಜನರಲ್ ಆದರು. ಇಷ್ಟೊಂದು ಆಳುವವರನ್ನು ಕೊಟ್ಟ ಕಾಲೇಜುಗಳೇ ಕಡಿಮೆ.

ಕಾರ್ಯಾಗಾರದ ಸುತ್ತಲಿನ ಊರು

ರೆಡ್‌ಫರ್ನ್, ಡಾರ್ಲಿಂಗ್ಟನ್, ಅಲೆಕ್ಸಾಂಡ್ರಿಯಾ, ಅರ್ಸ್ಕಿನ್‌ವಿಲ್ ಈ ಬಡಾವಣೆಗಳ ಸಾಲುಮನೆಗಳು ಈವ್ಲೀಯ ಕೂಗುಕೊಳಲಿಗೆ ಎದ್ದು ಮಲಗುತ್ತಿದ್ದವು. ಅಪ್ಪ ಬಾಯ್ಲರ್ ಶಾಪಿನಲ್ಲಿದ್ದರೆ ಮಗ ಎರಕದ ಮನೆಯಲ್ಲಿ. ಎರಡನೇ ಮಹಾಯುದ್ಧದ ನಂತರ ಯುರೋಪಿನ ಹಲವು ದೇಶಗಳಿಂದ ಬಂದ ವಲಸಿಗರಿಗೂ ಇಲ್ಲೇ ಮೊದಲ ಸಂಬಳ.

ಮೂಲನಿವಾಸಿಗಳಿಗೆ ಈವ್ಲೀ ಇನ್ನೂ ಹೆಚ್ಚಿನದು. ಒಳನಾಡಿನ ಊರುಗಳಿಂದ ಸಿಡ್ನಿಗೆ ಬಂದ ಮೂಲನಿವಾಸಿ ಕುಟುಂಬಗಳಿಗೆ ಕೆಲಸ ಕೊಟ್ಟ ಕೆಲವೇ ಜಾಗಗಳಲ್ಲಿ ರೈಲ್ವೆ ಕಾರ್ಯಾಗಾರವೂ ಒಂದು. ಕೆಲಸ ಇದ್ದಲ್ಲಿ ಮನೆ, ಮನೆ ಇದ್ದಲ್ಲಿ ನೆಂಟರಿಷ್ಟರು. ಹೀಗೆ ರೆಡ್‌ಫರ್ನ್ ಅವರ ನಗರದ ನೆಲೆಯಾಯಿತು. 1970ರಲ್ಲಿ ಮೂಲನಿವಾಸಿಗಳ ಕಾನೂನು ನೆರವು ಕೇಂದ್ರ, 1971ರಲ್ಲಿ ಅವರದೇ ವೈದ್ಯಕೀಯ ಸೇವೆ ಇಲ್ಲಿ ಹುಟ್ಟಿದವು. ನಿಲ್ದಾಣದ ಪಕ್ಕದ ಈವ್ಲೀ ಸ್ಟ್ರೀಟ್ ಸುತ್ತಲಿನ ಮನೆಗಳು ಅವರ ಸ್ವಂತ ವಸತಿ ಸಂಸ್ಥೆಯ ಕೈಗೆ ಬಂದದ್ದು 1973ರಿಂದ. ಭೂಮಿಯ ಹಕ್ಕಿಗಾಗಿ ನಡೆದ ಹೋರಾಟಕ್ಕೂ ಇಂಜಿನ್ ರಿಪೇರಿಗೂ ಎಲ್ಲಿಯ ಸಂಬಂಧ ಎಂದು ಕೇಳುವವರಿಗೆ ಉತ್ತರ ಈ ಸಂಬಳದ ದಾರಿಯಲ್ಲಿದೆ.

ಇಲ್ಲಿನ ಕೆಲಸಕ್ಕೆ ದೇಹ ಬೆಲೆ ತೆರುತ್ತಿತ್ತು. ಕಿವುಡಾದವರು, ಬೆರಳು ಕಳೆದುಕೊಂಡವರು, ಸುಟ್ಟುಕೊಂಡವರು ಲೆಕ್ಕಕ್ಕಿಲ್ಲ. ಬಾಯ್ಲರಿನ ಶಾಖ ಹೊರಹೋಗದಂತೆ ಸುತ್ತುತ್ತಿದ್ದ ಕಲ್ನಾರು ಎಷ್ಟು ಅಪಾಯಕಾರಿ ಎಂಬುದು ಗೊತ್ತಾಗುವಷ್ಟರಲ್ಲಿ ಅದರ ಧೂಳು ಶ್ವಾಸಕೋಶ ಸೇರಿ ದಶಕಗಳೇ ಕಳೆದಿದ್ದವು.

ಡೀಸೆಲ್ ಬಂತು, ಬೀಗ ಬಿತ್ತು

ಸಿಡ್ನಿಯ ಉಪನಗರ ರೈಲುಗಳು 1926ರಿಂದಲೇ ವಿದ್ಯುತ್ತಿಗೆ ತಿರುಗಿದ್ದವು. ಅದೇ ದಶಕದಲ್ಲಿ ಶಲ್ಲೋರಾದಲ್ಲಿ ಹೊಸ ಕಾರ್ಯಾಗಾರ ಬಂದು ಈವ್ಲೀಯ ಭಾರ ಹಂಚಿಕೊಂಡಿತು. 1951ರಲ್ಲಿ ಮುಖ್ಯ ಹಳಿಗೆ ಡೀಸೆಲ್ ಇಂಜಿನ್ ಇಳಿಯಿತು. ಅದಕ್ಕೆ ಬಾಯ್ಲರಿಲ್ಲ, ಬೂದಿಯಿಲ್ಲ, ನಡುರಾತ್ರಿ ಬೆಂಕಿ ಹಾಕುವವರು ಬೇಕಿಲ್ಲ. ಕೆಟ್ಟ ಭಾಗವನ್ನು ಕೆರೆದು ಹೊಂದಿಸುವ ಬದಲು ಕಳಚಿ, ತಯಾರಿದ್ದ ಇನ್ನೊಂದನ್ನು ಹಾಕಿದರಾಯಿತು. ಕಮ್ಮಾರ, ಎರಕದವ, ಬಾಯ್ಲರಿನವ, ಈ ಮೂವರ ಕಸುಬೂ ಒಂದೇ ತಲೆಮಾರಿನಲ್ಲಿ ಹಿಂದೆ ಸರಿಯಿತು. ರನ್ನಿಂಗ್ ಶೆಡ್ಡುಗಳು 1960ರ ದಶಕದಲ್ಲಿ ನೆಲಸಮವಾದವು. 1973ರಲ್ಲಿ ರಾಜ್ಯದ ರೈಲ್ವೆ ಉಗಿಗೆ ವಿದಾಯ ಹೇಳಿತು. ಬೋಗಿ ಕಾರ್ಯಾಗಾರ 1988ರಲ್ಲಿ, ಇಂಜಿನ್ ಕಾರ್ಯಾಗಾರ 1989ರಲ್ಲಿ ಮುಚ್ಚಿದವು.

ಈಗ ಅಲ್ಲಿ ಏನಿದೆ

ದಕ್ಷಿಣ ಭಾಗವನ್ನು 1990ರ ದಶಕದಲ್ಲಿ ಮೂರು ವಿಶ್ವವಿದ್ಯಾಲಯಗಳು ಸೇರಿ ತಂತ್ರಜ್ಞಾನ ಪಾರ್ಕ್ ಮಾಡಿದವು. 2015ರ ಕೊನೆಗೆ ಸರ್ಕಾರ ಅದನ್ನು ಮಿರ್ವಾಕ್ ಎಂಬ ಕಟ್ಟಡ ಕಂಪನಿ ಮುಂದಾಳಾಗಿದ್ದ ಕೂಟಕ್ಕೆ ಮಾರಿತು. ಹಳೆಯ ಅಂಕಣಗಳ ಪಕ್ಕದಲ್ಲಿ ಎದ್ದ ಹೊಸ ಕಟ್ಟಡಗಳಲ್ಲಿ ಈಗ ಕಾಮನ್‌ವೆಲ್ತ್ ಬ್ಯಾಂಕಿನ ಸುಮಾರು 10,000 ನೌಕರರಿಗೆ ಜಾಗವಿದೆ. ಆವರಣಕ್ಕೆ ಸೌತ್ ಈವ್ಲೀ ಎಂದು ಹೆಸರು. ಉತ್ತರದ ಬೋಗಿ ಕಾರ್ಯಾಗಾರವನ್ನು ರಾಜ್ಯದ ಕಲಾ ಇಲಾಖೆ 2002ರಲ್ಲಿ ತೆಗೆದುಕೊಂಡಿತು. 2007ರ ಜನವರಿಯಲ್ಲಿ ಅದು ಕ್ಯಾರಿಯೇಜ್‌ವರ್ಕ್ಸ್ ಎಂಬ ಕಲಾಕೇಂದ್ರವಾಗಿ ತೆರೆಯಿತು. ವಾಸ್ತುಶಿಲ್ಪಿಗಳಾದ ಟಾಂಕಿನ್ ಜುಲೈಕಾ ಗ್ರೀರ್ ಸಂಸ್ಥೆಯವರು ಗೋಡೆಯ ಮಸಿ, ಕಂಬದ ತುಕ್ಕು, ನೆಲದ ಹಳಿಗಳನ್ನು ಹಾಗೆಯೇ ಬಿಟ್ಟು, ಒಳಗೆ ಹೊಸ ರಂಗಮಂದಿರಗಳನ್ನು ಬೇರೆಯಾಗಿ ನಿಲ್ಲಿಸಿದರು. ಹಳೆಯದಕ್ಕೆ ಸುಣ್ಣ ಬಳಿದು ಹೊಸದಾಗಿ ಕಾಣಿಸುವ ಆಸೆಯನ್ನು ಗೆದ್ದದ್ದು ಅವರ ದೊಡ್ಡತನ. ಶನಿವಾರದ ಬೆಳಿಗ್ಗೆ ಇಲ್ಲಿ ರೈತರ ಸಂತೆ ಸೇರುತ್ತದೆ. 2020ರಲ್ಲಿ ಕೋವಿಡ್ ಬಾಗಿಲು ಮುಚ್ಚಿಸಿದಾಗ ಸಂಸ್ಥೆ ಹಣವಿಲ್ಲದೆ ಆಡಳಿತಾಧಿಕಾರಿಗಳ ಕೈಗೆ ಹೋಗಿ, ಆಮೇಲೆ ನೆರವು ಪಡೆದು ಚೇತರಿಸಿಕೊಂಡಿತು. ಮುಷ್ಕರಕ್ಕೆ ನೂರು ವರ್ಷ ತುಂಬಿದ 2017ರಲ್ಲಿ ಅದರ ಬಗ್ಗೆಯೇ ಇಲ್ಲೊಂದು ಪ್ರದರ್ಶನ ನಡೆದಿತ್ತು.

1999ರಲ್ಲಿ ಈವ್ಲೀ ರಾಜ್ಯದ ಪಾರಂಪರಿಕ ಪಟ್ಟಿಗೆ ಸೇರಿತು. ನನ್ನ ಮಟ್ಟಿಗೆ ಅತ್ಯಂತ ಬೆಲೆಬಾಳುವ ಭಾಗ ಇಂಜಿನ್ ಕಾರ್ಯಾಗಾರದ ಮೊದಲೆರಡು ಅಂಕಣಗಳು. ಡೇವಿ ಪ್ರೆಸ್, ಕುಲುಮೆಗಳು, ಉಗಿ ಸುತ್ತಿಗೆಗಳು, ಕ್ರೇನುಗಳು ಕೆಲಸ ನಡೆದ ಕ್ರಮದಲ್ಲೇ ಅಲ್ಲಿ ನಿಂತಿವೆ. ಒಂದು ಯಂತ್ರವನ್ನು ಕಿತ್ತು ಮ್ಯೂಸಿಯಮ್ಮಿನ ಗಾಜಿನಾಚೆ ಇಟ್ಟರೆ ಅದರ ಆಕಾರ ತಿಳಿಯುತ್ತದೆ, ಕೆಲಸ ತಿಳಿಯುವುದಿಲ್ಲ. ಕುಲುಮೆಯಿಂದ ಪ್ರೆಸ್ಸಿಗೆ ಎಷ್ಟು ಹೆಜ್ಜೆ, ಕಾದ ದಿಮ್ಮಿಯನ್ನು ಕ್ರೇನು ಯಾವ ದಾರಿಯಲ್ಲಿ ತರುತ್ತಿತ್ತು, ಉಕ್ಕು ಆರುವ ಮೊದಲು ಅವರ ಕೈಯಲ್ಲಿ ಎಷ್ಟು ಹೊತ್ತಿತ್ತು ಎಂಬುದು ಅವು ಅಲ್ಲೇ ಇದ್ದರೆ ಮಾತ್ರ ಅರ್ಥವಾಗುತ್ತದೆ. ಕಾರ್ಯಾಗಾರ ಮುಚ್ಚಿದ ಮೇಲೂ ಅಲ್ಲಿ ಕಮ್ಮಾರರು ಬಾಡಿಗೆಗೆ ಬಂದು ಕುಲುಮೆ ಹಚ್ಚಿ, ಹಳೆಯ ಯಂತ್ರಗಳ ನಡುವೆ ಕಬ್ಬಿಣದ ಕೆಲಸ ಮಾಡುತ್ತ, ಆಸಕ್ತರಿಗೆ ಕಸುಬು ಕಲಿಸುತ್ತ ಬಂದಿದ್ದಾರೆ. 1899ರ ದೊಡ್ಡ ಎರೆಕ್ಟಿಂಗ್ ಶಾಪ್ ಬಹುಕಾಲ ಉಗಿ ಇಂಜಿನ್ ಸಂರಕ್ಷಕರ ನೆಲೆಯಾಗಿತ್ತು. ನೋಡಬಯಸುವವರು ರೆಡ್‌ಫರ್ನ್ ನಿಲ್ದಾಣದಲ್ಲಿ ಇಳಿದು ಕೆಲವೇ ನಿಮಿಷ ನಡೆದರೆ ಸಾಕು. ಆ ನಿಲ್ದಾಣವೂ 1878ರಲ್ಲಿ ತೆರೆದದ್ದು ಈವ್ಲೀ ಎಂಬ ಹೆಸರಿನಲ್ಲೇ. ಈಗಿನ ಹೆಸರು ಬಂದದ್ದು 1906ರಲ್ಲಿ.